ಅರ್ಧ ಲೀಟರು

ಏಳು ಐವತ್ತೆರಡರ ಅಂಬರನಾಥ ಫಾಸ್ಟು,
ನಾಲ್ಕನೇ ಡಬ್ಬಿ, ಎದುರುಬದುರು ಬೆಂಚು.
ಹದಿನಾರು ವರ್ಷದಿಂದ ಇಸ್ಪೀಟು ಆಡುತ್ತೇವೆ
ಮೊಣಕಾಲುಗಳ ಮೇಲೆ ಬ್ರೀಫ್‌ಕೇಸು ಅಡ್ಡ ಇಟ್ಟು.
ಎಲೆ ಜೋಡಿಸುತ್ತ ಕೇಳಿಬಿಟ್ಟೆ,
ಹಲ್ಲುನೋವಿಗೆ ಮದ್ದು ಕೇಳುವವರ ಹಾಗೆ:
ಮೊಸರು ಹೆಪ್ಪುಗಟ್ಟುತ್ತಿಲ್ಲ, ಏನು ಮಾಡಲಿ?

ಗಾಡಿ ವಿಠಲವಾಡಿ ಬಿಟ್ಟಿತ್ತು.
ಒಂದು ಗಳಿಗೆ ಯಾರೂ ಎಲೆ ಇಳಿಸಲಿಲ್ಲ.

ಹಾಲು ಯಾವುದು, ಪಾಕೀಟಿನದೋ ತಬೇಲಾದ್ದೋ?
ಪಾಟೀಸವಾಲು ತೆಗೆದ ಸಾವಳಾ ಸೇಠ.
ಪಾಕೀಟಿನದು. ಹಳದಿಯೋ ನೀಲಿಯೋ?
ನೋಡಿಲ್ಲ. ನೋಡಿಲ್ಲವಂತೆ! ಎಂದು
ಪಕ್ಕದವನಿಗೆ ಹೇಳಿದ, ನಾನಲ್ಲಿ ಇಲ್ಲವೇನೋ ಎಂಬಂತೆ.

ಕಿರುಬೆರಳು ಅದ್ದು, ಅಂದ ಭೋಯಿರ,
ಹತ್ತು ಎಣಿಸುವ ತನಕ ತಡೆದರೆ ಅದೇ ಹದ.
ಎಣಿಕೆ ಮರಾಠಿಯಲ್ಲೋ ಕಾನಡಿಯಲ್ಲೋ
ಎಂದು ನಿಂತವರಲ್ಲಿ ಯಾರೋ ನಕ್ಕರು.

ಕಲ್ಯಾಣದಲ್ಲಿ ಹತ್ತಿದ ಡಿಮೆಲ್ಲೊ ವಿಷಯ ಕೇಳಿದ್ದೇ
ಕೂರುವ ಜಾಗವನ್ನೂ ಹುಡುಕದೆ ಶುರುಮಾಡಿದ:
ಹಸಿಮೆಣಸಿನಕಾಯಿ ಎರಡು, ತೊಟ್ಟು ಸಮೇತ
ಮುಳುಗಿಸಿಡು, ಹೆಪ್ಪೇ ಬೇಡ.
ಬೊಗಳೆ, ಅಂದ ಸಾವಳಾ. ಅಮ್ಮನಾಣೆ, ಅಂದ ಡಿಮೆಲ್ಲೊ.
ಅಕ್ಕಿ ಡಬ್ಬಿಯೊಳಗೆ ಹುಗಿ.
ಸ್ವೆಟರು ಸುತ್ತು. ಮುಂಬಯಿಯಲ್ಲಿ ಸ್ವೆಟರು ಯಾರ ಮನೆಯಲ್ಲಿದೆ?
ಹಾಗಾದರೆ ಟವಲ್ಲು. ಅಲುಗಿಸಬೇಡ.
ಗಳಿಗೆಗೊಮ್ಮೆ ಮುಚ್ಚಳ ಎತ್ತಿ ಇಣುಕಬೇಡ,
ಮೊಸರಿಗೆ ನಾಚಿಕೆ ಜಾಸ್ತಿ.

ಯಾರೂ ಕೇಳಲಿಲ್ಲ
ಇಷ್ಟು ವರ್ಷ ಯಾರು ಹಾಕುತ್ತಿದ್ದರು ಎಂದು.
ಮಾರ್ಚಿನಲ್ಲಿ ಹದಿಮೂರು ದಿನ ಬಾರದೆ
ಹದಿನಾಲ್ಕನೆಯ ದಿನ ಬಂದಾಗಲೂ ಕೇಳಿರಲಿಲ್ಲ.
ಸರಿದು ಜಾಗ ಕೊಟ್ಟು ನನಗೂ ಎಲೆ ಹಂಚಿದ್ದರು.

ಅವಳು ಹಾಕಿಟ್ಟ ಕೊನೆಯ ಮೊಸರು
ಫ್ರಿಜ್ಜಿನ ಮೂಲೆಯಲ್ಲಿ ಹಸಿರು ಹಿಡಿದು ಕೂತಿತ್ತು.
ಆ ಪಾತ್ರೆ ತೊಳೆಯಲು ಏಪ್ರಿಲ್ ಬೇಕಾಯಿತು.
ಅದರಲ್ಲೇ ಒಂದು ಚಮಚ ಮೊದಲೇ ಎತ್ತಿ
ಹೊಸ ಹಾಲಿಗೆ ಬಿಡಬೇಕಿತ್ತು ಎಂದು
ಆಗ ಯಾರಾದರೂ ಹೇಳಿದ್ದರೆ.
ಕೇಳಿದ್ದರಲ್ಲವೇ ಹೇಳುವುದು.

ಗುರುವಾರ ಡೋಂಬಿವಿಲಿಯಲ್ಲಿ ಹತ್ತಿದ ಮುಖ್ತಾರ್,
ಗಡಿಯಾರ ರಿಪೇರಿಯವನು, ಇಸ್ಪೀಟು ಮುಟ್ಟದವನು,
ಕಿಟಕಿಯಾಚೆ ನೋಡುವುದೇ ಅವನ ಮಾತು.
ಚೀಲದಿಂದ ತೆಗೆದ ಅಂಗೈಯಗಲದ ಸ್ಟೀಲಿನ ಡಬ್ಬಿ,
ಮೇಲೆ ಪ್ಲಾಸ್ಟಿಕ್ಕು, ಅದರ ಮೇಲೆ ದಾರ,
ದಾರಕ್ಕೆ ಎರಡು ಗಂಟು.
ಮನೆಯವಳು ಕಳಿಸಿದ್ದಾಳೆ, ಹೆಪ್ಪು.
ಹಗಲು ತಂಪಿನಲ್ಲಿಡಿ. ರಾತ್ರಿ ಹತ್ತಕ್ಕೆ ಒಂದು ಚಮಚ,
ಅರ್ಧ ಲೀಟರಿಗೆ.
ನಿಮಗೆ ಅರ್ಧ ಲೀಟರು ಸಾಕು,
ಎಂದು ಮತ್ತೆ ಕಿಟಕಿಗೆ ತಿರುಗಿದ.

ನಾನು ಇನ್ನೂ ಒಂದು ಲೀಟರೇ ತರುತ್ತಿದ್ದೆ.

ಠಾಣೆಯ ತನಕ ನನ್ನ ಎಲೆಗಳು ನನಗೆ ಕಾಣಲಿಲ್ಲ.
ಭೋಯಿರ ನನ್ನ ಕೈಯಿಂದ ಒಂದು ಎಳೆದು
ನನ್ನ ಪರವಾಗಿ ಇಳಿಸಿದ. ಸೋತೆ.

ಮಸ್ಜಿದ್ ಬಂದರಿನ ಏಲಕ್ಕಿ ಗೋದಾಮಿನಲ್ಲಿ
ಡಬ್ಬಿ ಇಡೀ ಹಗಲು ನೀರಿನ ಮಡಕೆಗೆ ಒರಗಿ ಕೂತಿತು.
ಹಮಾಲ ಒಬ್ಬ, ಒಳಗೇನು ಎಂದ.
ಔಷಧಿ ಎಂದುಬಿಟ್ಟೆ, ಯಾಕೋ.

ರಾತ್ರಿ ಕಿರುಬೆರಳು ಅದ್ದಿದೆ. ಕನ್ನಡದಲ್ಲೇ ಎಣಿಸಿದೆ.
ಟವಲ್ಲು ಸುತ್ತಿ ಅಕ್ಕಿಯಲ್ಲಿ ಹುಗಿದು,
ಯಾರ ಮಾತೂ ಮೀರಬಾರದೆಂದು
ಎರಡು ಮೆಣಸಿನಕಾಯಿಯನ್ನೂ ಬಿಟ್ಟೆ.
ಎರಡು ಸಲ ಇಣುಕಿದ್ದು ಸುಳ್ಳಲ್ಲ.

ಬೆಳಿಗ್ಗೆ ಪಾತ್ರೆ ಓರೆ ಮಾಡಿದರೆ
ಮೊಸರು ಕದಲಲಿಲ್ಲ.

ಸಂಭ್ರಮಕ್ಕೆ ಅಷ್ಟನ್ನೂ ಡಬ್ಬಿಗೆ ತುಂಬಿ ತಂದೆ.
ಬ್ರೀಫ್‌ಕೇಸಿನ ಮೇಲೆ ಎಲೆಗಳ ಬದಲು
ಒಂದೇ ಚಮಚ ಸುತ್ತು ಹೊಡೆಯಿತು.
ಹುಳಿ, ಅಂದ ಭೋಯಿರ.
ನಾಲ್ಕಕ್ಕೇ ಎದ್ದು ತೆಗೆಯಬೇಕಿತ್ತು, ಅಂದ ಸಾವಳಾ.
ಮೆಣಸಿನಕಾಯಿ ಘಾಟು ಯಾಕೆ ಎಂದು ಯಾರೋ ಕೇಳಿದ್ದಕ್ಕೆ
ಡಿಮೆಲ್ಲೊ ಫ್ಯಾನು ನೋಡಿದ.
ಮುಖ್ತಾರ್ ನೆಕ್ಕಿ ತಲೆಯಾಡಿಸಿದ, ಚಮಚ ದಾಟಿಸಿದ.
ಘಾಟ್ಕೋಪರಿನಿಂದ ಕುರ್ಲಾ ತನಕ
ಅಷ್ಟೂ ಜನ ಸೇರಿ ಬೈದರು.

ತಳ ಬಳಿಯಲು ಸಾವಳಾ ಬೆರಳು ಚಾಚಿದ.
ಅದು ನಾಳೆಯದು, ಎಂದು
ಮುಚ್ಚಳ ಒತ್ತಿದೆ.