ಬೆಣೆ

ಮೂರು ದಿನ ಹಿಡಿಯಿತು ಅವನ ತಲೆಗೂದಲಿಗೇ.
ಹಣೆಯ ಅಂಚಲ್ಲಿ, ಬೋಳು ಚರ್ಮದಿಂದ ಕಪ್ಪು ಮೊಳೆಯುವ ಕಡೆ,
ಒಂದೊಂದು ಎಳೆಗೂ ಎರಡೆರಡು ಗೀರು,
ಆಚೆಗೊಂದು, ಈಚೆಗೊಂದು,
ನಡುವೆ ಉಳಿದದ್ದೇ ಕೂದಲು.
ಜೋರಾಗಿ ಉಸಿರು ಬಿಟ್ಟರೂ ಮುರಿದೀತು.
ದೀಪದ ಮುಂದೆ ನೀರು ತುಂಬಿದ ಗಾಜಿನ ಬುರುಡೆಯಿಟ್ಟು
ಬೆಳಕನ್ನು ಕಾಸಿನಗಲಕ್ಕೆ ಹಿಂಡಿ
ಆ ಕಾಸಿನೊಳಗೆ ಕೂತು ಕೆತ್ತಿದೆ.

ಶಿರಾನೆ ಗೆನ್‌ಜುರೊ.
ಆ ಚಳಿಗಾಲ ದೋತೊಂಬೊರಿ ಕಾಲುವೆಯುದ್ದಕ್ಕೂ
ಅವನದೇ ಮಾತು.
ಸೇತುವೆ ಕಾಯುವ ಒಂಟಿ ಯೋಧನ ವೇಷ:
ದೋಣಿಯ ಗಳುವಿನಷ್ಟುದ್ದ ಕತ್ತಿ, ಚಾಪೆಯಗಲದ ತೋಳು,
ಬಿಳಿ ಬಳಿದ ಮುಖದಲ್ಲಿ ಉರಿಯಂತೆ ಮೇಲೇರುವ ಕೆಂಪು ಪಟ್ಟೆ.
ಮರದ ತುಂಡುಗಳು ನೆಲಕ್ಕೆ ಟಕಟಕ ಬಡಿದು
ಸದ್ದು ಒತ್ತೊತ್ತಾಗಿ, ಇನ್ನೂ ಒತ್ತಾಗಿ, ತಟ್ಟನೆ ನಿಂತಾಗ
ಅವನೂ ನಿಂತ.
ಒಂದು ಕಣ್ಣು ನೇರಕ್ಕೆ, ಇನ್ನೊಂದು ಮೂಗಿನ ಕಡೆಗೆ,
ಬಲಗಾಲ ಹೆಬ್ಬೆರಳು ಮಾತ್ರ ಮುಗಿಲಿಗೆ.
ಹಿಂದಿನ ಸಾಲಿನ ಮೀನು ಮಾರುವವನೊಬ್ಬ
ಅವನ ಮನೆತನದ ಹೆಸರು ಹಿಡಿದು ಅರಚಿದ.
ನಾನೂ ಅರಚಿದೆ. ಓತಾಕಿ ನನ್ನ ತೋಳು ಜಗ್ಗಿದಳು.

ಇನ್ನೂರು ಹಾಳೆ ಹೋದವು ಹೊಸವರ್ಷದೊಳಗೆ.
ಸ್ನಾನದ ಮನೆಯ ಗೋಡೆಗೆ, ಕ್ಷೌರದಂಗಡಿಗೆ,
ಸಿಡುಬೆದ್ದ ಮಗುವಿನ ತಲೆದೆಸೆಗೆ,
ಆ ಕೆಂಪು ಕಂಡಾದರೂ ಜ್ವರ ಕಾಲ್ಕೀಳಲಿ ಎಂದು.

ಕಾಲ್ಕಿತ್ತವನು ಅವನೇ.
ಸಾಲವಂತೆ. ರಂಗದ ಯಜಮಾನನ ಜೊತೆ ಜಗಳವಂತೆ.
ರಾತ್ರಿಯ ದೋಣಿಯಲ್ಲಿ, ಉಪ್ಪುಮೂಲಂಗಿಯ ಪೀಪಾಯಿಗಳ ನಡುವೆ,
ಮೊಣಕಾಲು ಎದೆಗೊತ್ತಿಕೊಂಡು.
ಸೇತುವೆ ಖಾಲಿ ಬಿಡಲಾಗುತ್ತದೆಯೆ?
ಮಿಸಾಕಿ ಕೊಹಾಚಿ ಬಂದು ನಿಂತ, ಅದೇ ಕತ್ತಿ ಹಿಡಿದು.

ಅಚ್ಚಿನಂಗಡಿಯ ಹಿಕೊಬೆ ಲೆಕ್ಕದ ಮಣಿ ಸರಿಸಿದ:
“ಹೊಸ ಹಲಗೆಗೆ ದುಡ್ಡಿಲ್ಲ, ಇಸೊಕಿಚಿ.
ಮೈ ಹಾಗೇ ಇರಲಿ. ತಲೆ ಬದಲಿಸು.”

ಉಳಿ ಹಿಡಿದೆ.
ಮೂರು ದಿನದ ಕೂದಲು, ಎರಡು ದಿಕ್ಕಿನ ಕಣ್ಣು,
ಗಲ್ಲದವರೆಗೆ ಚೌಕ ಹಾಕಿ ಎಬ್ಬಿದೆ.
ಹಲ್ಲು ಕಿತ್ತ ಹಾಗೆ ಸಣ್ಣ ಸದ್ದು.
ಹೆಸರಿನ ಪಟ್ಟಿಯನ್ನೂ ಕಿತ್ತೆ.
ಕುಳಿಗೆ ಚೆರ್ರಿ ಮರದ ಬೆಣೆ ಬಡಿದು ನೀರು ಚಿಮುಕಿಸಿದರೆ
ಮರ ಉಬ್ಬಿ ಮರವನ್ನು ಕಚ್ಚಿತು.
ಕೊಹಾಚಿಯ ಕೂದಲಿಗೆ ಒಂದು ದಿನ ಸಾಕಾಯಿತು.
ಪಾಪ, ಅವನ ತಪ್ಪೇನೂ ಇಲ್ಲ.

ಕೊರಳ ಸುತ್ತ ಮಾತ್ರ ಒಂದು ಬಿಳಿ ಎಳೆ,
ಬಣ್ಣ ಹತ್ತದ ಸಂದು.
ಕೊಂಡವರು ಯಾರೂ ಕಾಣಲಿಲ್ಲ.
ಅಚ್ಚೊತ್ತುವ ಮುದುಕ ಕಂಡ; ಕೆಮ್ಮಿ ಸುಮ್ಮನಾದ.

ಏಳು ಬೇಸಿಗೆ ಕಳೆದು, ಹಿಕೊಬೆಯ ಅಂಗಡಿಯಲ್ಲಿ
ಹುಲ್ಲುಟೋಪಿಯವನೊಬ್ಬ ಹಳೆಯ ಹಾಳೆಗಳ ಕಟ್ಟು ಬಿಚ್ಚುತ್ತಿದ್ದ.
ಊರೂರು ಆಡಿ ತಿರುಗಿದವನ ಬಿರಿದ ಹಿಮ್ಮಡಿ.
ಕೊಹಾಚಿಯ ಹಾಳೆ ಬಂದಾಗ ಕೈ ನಿಂತಿತು.
ಮುಖ ನೋಡಲಿಲ್ಲ. ಕೆಳಗೆ ನೋಡಿದ.
“ಈ ಹೆಬ್ಬೆರಳು ನನ್ನದು,” ಎಂದ,
ನಕ್ಕ, ಹನ್ನೆರಡು ಕಾಸು ಎಣಿಸಿಟ್ಟ,
ಮಡಿಸದೆ ಸುರುಳಿ ಸುತ್ತಿ ತೋಳಿನೊಳಗೆ ಇಳಿಸಿದ.
ಕೆತ್ತಿದವನು ನಾನೆಂದು ಹಿಕೊಬೆ ಯಾಕೆ ಹೇಳಿದನೋ.
ಹೊಸ್ತಿಲಲ್ಲಿ ತಿರುಗಿ ಕೇಳಿದ:
“ನನ್ನ ತಲೆ ಏನಾಯಿತು?”
“ಒಲೆಗೆ ಹಾಕಿದೆ,” ಎಂದೆ.

ಸುಳ್ಳು.
ನನ್ನ ಕೆಲಸದ ಮಣೆಗೆ ಒಂದು ಕಾಲು ಗಿಡ್ಡ.
ಏಳು ವರ್ಷದಿಂದ ಅದರಡಿ ಅವನಿದ್ದಾನೆ, ಅಂಗಾತ,
ಕೂದಲೆಳೆಗಳ ನಡುವೆ ಮರದ ಹೊಟ್ಟು ತುಂಬಿ.
ಆಮೇಲೆ ನಾನು ಕೆತ್ತಿದ ಹುಲಿ ಕೊಂದವರು, ಕೋಟೆ ಹಿಡಿದವರು
ಎಲ್ಲರೂ ಅವನ ಮೇಲೇ ಕುಣಿದದ್ದು.

ಆ ರಾತ್ರಿ ಹೊರತೆಗೆದು ತೋಳಿನಂಚಿಂದ ಉಜ್ಜಿದೆ.
ಹಣೆಯ ಬಳಿ ನಾಲ್ಕೆಳೆ ಮುರಿದಿದ್ದವು.
ಹಲಗೆಯ ಮುಖ, ಎಲ್ಲ ತಿರುಗುಮುರುಗು:
ಒಂದು ಕಣ್ಣು ನನ್ನ ಕಡೆಗೆ,
ಇನ್ನೊಂದು ಎಲ್ಲಿಗೋ.
ಓತಾಕಿ ಗಂಜಿ ಬಡಿಸಿ ಕರೆದಳು.
ಮಣೆ ಅಲ್ಲಾಡುತ್ತಿತ್ತು.
ನಾಳೆಗೆ ಇನ್ನೊಂದು ತಲೆ ಒಪ್ಪಿಸಬೇಕಿತ್ತು.

ಮತ್ತೆ ಅಲ್ಲೇ ಇಟ್ಟೆ,
ಈ ಸಲ ಮುಖ ಕೆಳಗೆ ಮಾಡಿ.