ಹದಿನೈದು ನಿಮಿಷ ವಿರಾಮ

ಉಫಾದ ಸಂತೆಯಲ್ಲಿ ನನ್ನನ್ನು ನೀನಾ ಎಂದು ಕೂಗುತ್ತಾರೆ.
ಞುಂಗ್ ಎನ್ನಲು ಹೋದರೆ ಅವರ ನಾಲಿಗೆ ಜಾರುತ್ತದೆ, ಇರಲಿ.
ಇಪ್ಪತ್ತೆರಡು ವರ್ಷ ಪ್ಯಾಂಟಿನ ಅಂಚು ಮಡಿಸಿದ್ದೇನೆ,
ಚೌಕಾಸಿ, ಜಗಳ, ಸಾಲ ಎಲ್ಲ ಈ ಭಾಷೆಯಲ್ಲೇ,
ಮಗಳ ಜ್ವರಕ್ಕೆ ಡಾಕ್ಟರ ಕಾಲು ಹಿಡಿದದ್ದೂ ಇದರಲ್ಲೇ.
ಓದಲು ಮಾತ್ರ ಬಾರದು.

ಥಾಯ್ ಬಿನ್‌ನ ಶಾಲೆಯಲ್ಲಿ ನಾನು ಕಲಿತ ಅಕ್ಷರಗಳೇ
ಇಲ್ಲಿ ಬೇರೆ ಮನೆಗೆ ಒಕ್ಕಲು ಬಂದಿವೆ:
ಪಿ ಅಂದುಕೊಂಡು ಕರೆದರೆ ರ ಎಂದು ಓಗೊಡುತ್ತದೆ,
ಎಚ್ ಎಂಬ ಏಣಿ ಹತ್ತಿದರೆ ತುದಿಯಲ್ಲಿ ನ,
ಬಿ ಎಂಬ ಎರಡು ಹೊಟ್ಟೆಯವಳು ವ.
ಗುರುತಿಲ್ಲದ ಮುಖಗಳಿಗೆ ನಾನು ಹೆದರಲಿಲ್ಲ,
ಗುರುತಿದ್ದವೇ ದಾರಿ ತಪ್ಪಿಸಿದವು.

ಮಂಗಳವಾರ ಸಂಜೆ, ಗ್ರಂಥಾಲಯದ ಹಿಂಕೋಣೆ, ಫಾನಿಯಾ ರಶೀತೊವ್ನಾ;
ಪತ್ರಿಕೆಯಲ್ಲಿ ಕರಡು ತಿದ್ದಿ ತಿದ್ದಿ ಕನ್ನಡಕ ದಪ್ಪವಾದವಳು.
"ನನಗೂ ಇದು ಎರಡನೆಯ ಭಾಷೆ," ಎಂದಳು ಮೊದಲ ದಿನವೇ,
"ಅಜ್ಜಿ ಬೈಯುತ್ತಿದ್ದದ್ದು ಬಷ್ಕೀರಿನಲ್ಲಿ."
ನಿಘಂಟು ಕಿತ್ತುಕೊಂಡು ತನ್ನ ಚೀಲಕ್ಕೆ ಹಾಕಿಕೊಂಡಳು.
"ಪುಟ ಮುಗಿಯುವ ತನಕ ಕೇಳಬೇಡ.
ಪ್ರತಿ ಪದಕ್ಕೂ ನಿಂತರೆ ಬಸ್ಸು ಊರು ಮುಟ್ಟುವುದಿಲ್ಲ.
ಹೊಲಿಗೆ ಬಿಚ್ಚುವವಳಲ್ಲವೇ ನೀನು? ದಾರದ ತುದಿ ಹುಡುಕು."

ತುದಿ ಸಿಕ್ಕಿತು: ಖೋದ್.
ಖೋದ್ ಅಂದರೆ ಹೋಗುವುದು.
ಮುಂದೊಂದು ತುಂಡು ತಗುಲಿಸಿದರೆ ಒಳಗೆ ಹೋಗುವ ಬಾಗಿಲು,
ಇನ್ನೊಂದು ತಗುಲಿಸಿದರೆ ಹೊರಗೆ,
ಮತ್ತೊಂದಕ್ಕೆ ರಸ್ತೆ ದಾಟುವ ಪಟ್ಟೆ,
ರಾಸ್ ಸೇರಿಸಿದರೆ ಕೈಬಿಟ್ಟು ಹೋದ ದುಡ್ಡು.
ಇವೆಲ್ಲ ನನ್ನ ಬಾಯಲ್ಲೇ ಇದ್ದವು!
ಬಾಯಿ ಬಲ್ಲದ್ದನ್ನು ಕಣ್ಣಿಗೆ ಯಾರೂ ಹೇಳಿರಲಿಲ್ಲ.
ಟ್ರಾಮಿನಲ್ಲಿ ತುಟಿ ಅಲ್ಲಾಡಿಸುತ್ತಾ ಓದಿದೆ,
ಪಕ್ಕದವರು ಪ್ರಾರ್ಥನೆ ಎಂದುಕೊಂಡು ಜಾಗ ಬಿಟ್ಟರು.

ಒತ್ತು ಎಲ್ಲಿ ಬೀಳಬೇಕೆಂದು ಪುಸ್ತಕ ಹೇಳುವುದಿಲ್ಲ.
ಅವೇ ಐದು ಅಕ್ಷರ, ಮುಂದೆ ಒತ್ತಿದರೆ ಕೋಟೆ, ಹಿಂದೆ ಒತ್ತಿದರೆ ಬೀಗ.
ನಾನು ಓದಿದ ಕಥೆಯಲ್ಲಿ ಸಿಪಾಯಿಯೊಬ್ಬ
ಜೇಬಿನಿಂದ ಕೋಟೆ ತೆಗೆದು ಕದಕ್ಕೆ ಹಾಕಿದ;
ಬೆರಗಾಗಿ ಓದುತ್ತಲೇ ಹೋದೆ.
ಫಾನಿಯಾ ನಗಲಿಲ್ಲ. "ಈ ಕಥೆಯೂ ಚೆನ್ನಾಗಿದೆ," ಎಂದಳು.

ಒಂದು ಬೆಳಿಗ್ಗೆ ನನ್ನ ಅಂಗಡಿಯ ಬೋರ್ಡು ಓದಿದೆ.
ಹಿಂದಿನ ಬಾಡಿಗೆಯವನು ಬಿಟ್ಟುಹೋದ ಹಲಗೆ, ಅಂಚಿಗೆ ಚಂದದ ಹೂಬಳ್ಳಿ,
ಅದರ ಹದಿನೈದು ಮಳಿಗೆಯ ನಂಬರೆಂದೇ ನಂಬಿದ್ದೆ.
ಹನ್ನೊಂದು ವರ್ಷದಿಂದ ದಿನಾ ಒರೆಸಿ ತೂಗುಹಾಕಿದ್ದೇನೆ:
"ವಿರಾಮ, ಹದಿನೈದು ನಿಮಿಷ."

ಹಾಗಾದರೆ ವಿಕೇಂತಿ ಸಾವೆಲಿಚ್ ತಮಾಷೆ ಮಾಡುತ್ತಿರಲಿಲ್ಲ,
ಪ್ರತಿ ಸಲ ಹೊಸ್ತಿಲಲ್ಲಿ ಟೋಪಿ ತೆಗೆದು
"ವಿರಾಮ ಮುಗಿಯಿತೇ, ನೀನಾ?" ಎಂದು ಕೇಳುವಾಗ.
ನಾನು ನಕ್ಕು ಪ್ಯಾಂಟು ಈಸಿಕೊಳ್ಳುತ್ತಿದ್ದೆ.
ಈ ಚಳಿಗಾಲ ಅವನು ಬಂದಿಲ್ಲ.
ಎಲೆ ಉದುರುವಾಗ ಕೊಟ್ಟ ಬೂದು ಪ್ಯಾಂಟು ಕೊಕ್ಕೆಯಲ್ಲೇ ಇದೆ,
ಸೊಂಟಪಟ್ಟಿಗೆ ಯಾವಾಗಿನಂತೆ ಗುಂಡುಸೂಜಿ ಚುಚ್ಚಿದ ಚೀಟಿ.
"ಎಲ್ಲ ಬರೆದಿದ್ದೇನೆ," ಎನ್ನುತ್ತಿದ್ದ.
"ಆಗಲಿ," ಎನ್ನುತ್ತಿದ್ದೆ.

ಅಚ್ಚಿನ ಅಕ್ಷರ ಬೇರೆ, ಕೈಬರಹ ಬೇರೆ.
ಅವರ ಕೂಡುಬರಹದಲ್ಲಿ ಶ, ಇ, ಲ, ಮ ಎಲ್ಲ ಒಂದೇ ಅಲೆ,
ನನ್ನ ಮೆಷಿನ್ನು ಕಾಗದದ ಮೇಲೆ ಓಡಿದ ಹಾಗೆ.
ಮೂರು ದಿನ ನೋಡಿದೆ. ನಾಲ್ಕನೆಯ ದಿನ ಎಳೆ ಬಿಟ್ಟುಕೊಟ್ಟಿತು:
ಎಡಗಾಲು ಎರಡು ಸೆಂಟಿಮೀಟರ್ ಗಿಡ್ಡ ಇರಲಿ. ಬಲಗಾಲು ಇದ್ದ ಹಾಗೇ.

ಎಷ್ಟು ವರ್ಷ ಎರಡೂ ಕಾಲು ಸಮ ಮಾಡಿ ಕೊಟ್ಟೆ!
ಅಂದವಾಗಿ, ಇಸ್ತ್ರಿ ಹಾಕಿ.
ಅವನು ದುಡ್ಡು ಎಣಿಸಿ, ತಲೆಬಾಗಿ,
ವಾಲುತ್ತಾ ಹೋಗುವುದನ್ನು ಕಂಡೂ ಇದ್ದೆ;
ಮಂಜುಗಡ್ಡೆಯ ಮೇಲೆ ಎಲ್ಲರೂ ಹಾಗೇ ನಡೆಯುತ್ತಾರೆ ಎಂದುಕೊಂಡಿದ್ದೆ.

ಈಗ ಎಡಗಾಲಿನ ಅಂಚು ಬಿಚ್ಚುತ್ತಿದ್ದೇನೆ.
ಯಾರೋ ಬಾಗಿಲ ತನಕ ಬಂದು, ಬೋರ್ಡು ನೋಡಿ, ನಿಂತಿದ್ದಾರೆ.
ನಿಲ್ಲಲಿ.
ಇವತ್ತು ಅದರಲ್ಲಿ ಬರೆದದ್ದು ನಿಜ.