ಅಳತೆ ಚೀಟಿ

ಮಂಗಳವಾರ ರಾತ್ರಿ ಆನೆ ಬಂದು
ಹಿತ್ತಿಲ ಬಾಳೆಯನ್ನೆಲ್ಲ ಮುರಿದು, ದಿಂಡು ಸೀಳಿ ತಿಂದು ಹೋಗಿತ್ತು.
ಒಂದು ಗೊನೆ ಮಾತ್ರ,
ಮರೆಯಿತೋ ಬೇಡವೆಂದಿತೋ,
ಬೇಲಿಯ ಬುಡದಲ್ಲಿ ಮಗುಚಿ ಬಿದ್ದಿತ್ತು.

ಒಲೆಯ ಮೇಲಿನ ಹೊಗೆಗೆ ತೂಗಿದೆ.
ನಾಲ್ಕು ದಿನ ಕಲ್ಲಿನ ಹಾಗೆ ಹಸಿರು.
ಐದನೆಯ ಬೆಳಗ್ಗೆ ಅಷ್ಟೂ ಒಟ್ಟಿಗೆ ಹಣ್ಣು,
ಆರನೆಯ ದಿನ ಸಿಪ್ಪೆ ಕಪ್ಪು.
ಕೂವಲೆ ಎಲೆ ಕೊಯ್ದು ಪುಟ್ಟು ಬೇಯಿಸಬಹುದಿತ್ತು.
ಆದರೆ ಕಪಾಟಿನಲ್ಲಿ ಸುಹರಾಳ ಡಬ್ಬಿ ಇತ್ತು,
ಹಬ್ಬದ ಹಲ್ವ ಹೊತ್ತು ಬಂದದ್ದು,
ಬರಿದಾಗಿ ಹೊಳೆ ದಾಟಬಾರದೆಂದು
ಎರಡು ತಿಂಗಳಿಂದ ಕೂತದ್ದು.

ಚೀಟಿಯೂ ಅವಳದೇ.
ನೆಲ್ಲಿಹುದಿಕೇರಿಯ ಅವಳ ಅಂಗಡಿಯಲ್ಲಿ, ಯಾರದೋ ಮದುವೆಯ ರವಿಕೆಗೆ
ಟೇಪು ನನ್ನ ಸುತ್ತ ಓಡಾಡುತ್ತಿದ್ದಾಗ
ಗುಂಡುಸೂಜಿ ಕಚ್ಚಿಕೊಂಡೇ ಹೇಳಿದ್ದಳು
ಬಾಳೆಹಣ್ಣಿನ ಬ್ರೆಡ್ಡಿನ ಲೆಕ್ಕ.
ಒಂದೇ ಪೆನ್ಸಿಲು, ಒಂದೇ ಹಾಳೆ:
ತೋಳು ಒಂಬತ್ತು. ಮೈದಾ ಒಂದೂವರೆ ಲೋಟ.
ಹಿಂಗುತ್ತಿಗೆ ಏಳು. ಹಣ್ಣು ನಾಲ್ಕು, ಪುಟ್ಟಬಾಳೆಯಾದರೆ ಎಂಟು.
ಸೋಡಾ ಚಿಟಿಕೆ. ಭುಜ ಹದಿನಾಲ್ಕು.
ಬೆಣ್ಣೆ ಕಾಲು ಲೋಟ, ಬೆಲ್ಲ ನಿನ್ನ ನಾಲಿಗೆಗೆ ಬಿಟ್ಟದ್ದು.
ಎಲ್ಲಕ್ಕಿಂತ ಕೆಳಗೆ ಒಂದು ಮೂವತ್ತೆಂಟು,
ಅದರ ಪಕ್ಕ ಇನ್ನೊಂದು ಅಂಕಿ
ಮಿಷನ್ ಎಣ್ಣೆ ಬಿದ್ದು ಅಳಿಸಿಹೋದದ್ದು.

ಸೋಡಾ ಉಬ್ಬಲು ಹುಳಿ ಬೇಕು, ಮೊಸರು ಇನ್ನೂ ಸಿಹಿ.
ಕಾಚಂಪುಳಿ ಮೂರು ತೊಟ್ಟು ಸಾಕಲ್ಲ ಅನಿಸಿತು.
ಒಲೆಯ ಪಕ್ಕದ ಬಾಟಲಿ
ವಾರವಾರವೂ ಹಂದಿ ಸಾರಿಗೆ ಬಗ್ಗುವಂಥದ್ದು.
ಅದನ್ನು ಮುಟ್ಟದೆ ಅಟ್ಟದಿಂದ ಹೊಸದೊಂದು ಇಳಿಸಿ
ಬಿರಡೆ ಕಿತ್ತೆ. ಸೌಟೂ ಹೊಸದು.
ಅನ್ನಕ್ಕಷ್ಟೇ ಇಡುವ ಕುಕ್ಕರಿಗೆ ಹೊಳೆಮರಳು ಸುರಿದು
ಸೀಟಿ ಕಳಚಿ, ರಬ್ಬರು ಬಿಚ್ಚಿ,
ಅವಳ ಡಬ್ಬಿಯನ್ನೇ ಒಳಗಿಟ್ಟು
ಗೋಡೆ ಗಡಿಯಾರದ ಕೆಳಗೆ ಮಣೆ ಹಾಕಿ ಕೂತೆ.
ಮೂವತ್ತೆಂಟು ಎಂದರೆ ಮೂವತ್ತೆಂಟೇ,
ಒಂದು ನಿಮಿಷ ಅತ್ತಿತ್ತ ಇಲ್ಲ.

ಸಿದ್ದಾಪುರದಲ್ಲಿ ಬಸ್ಸು ಹತ್ತಿದಾಗ
ಡಬ್ಬಿ ಮಡಿಲಲ್ಲಿ, ಟವೆಲಿನೊಳಗೆ, ಬೆಕ್ಕಿನಷ್ಟು ಬೆಚ್ಚಗೆ.
ಮುಂದಿನ ಸೀಟಿನ ಹುಡುಗ ತಿರುಗಿ ನೋಡಿದ,
ಅವನಮ್ಮ ತಿರುಗಿಸಿ ಕೂರಿಸಿದಳು,
ಮತ್ತೆ ತಿರುಗಿದ.
ಸೇತುವೆ ದಾಟುವಾಗ ಕಾವೇರಿ ಕೆಂಪಗಿದ್ದಳು.
ನಾನು ಮುಚ್ಚಳ ತೆರೆದು ನೋಡಬಾರದಿತ್ತು.
ನಡುವೆ ಒಂದು ಗುಳಿ,
ಯಾರೋ ಮೊಣಕೈ ಊರಿ ಎದ್ದ ಹಾಗೆ.

ಅಂಗಡಿಯಲ್ಲಿ ಚಾಕು ಇಲ್ಲ,
ಕತ್ತರಿ ಬಟ್ಟೆಗಲ್ಲದೆ ಬೇರೆಯದಕ್ಕೆ ಕೊಡುವವಳಲ್ಲ ಅವಳು.
ಬಿಳಿ ನೂಲು ಎಳೆದು, ಎರಡು ತುದಿ ಎರಡು ಬೆರಳಿಗೆ ಸುತ್ತಿ
ಸರಕ್ಕನೆ ಇಳಿಸಿದಳು.
ಅಂಚು ಹೊಂಬಣ್ಣ, ಸರಿಯಾಗಿ ಬೆಂದದ್ದು.
ನಡುವಿಗೆ ಬಂದಾಗ ನೂಲು ಅಂಟಿತು, ನಿಂತಿತು.

ಅವಳು ಬೆರಳಿನಲ್ಲಿ ಒತ್ತಿ ನೋಡಿದಳು,
ತೂಕಡಿಸುವ ತೋಳಿನ ಹೊಲಿಗೆ ನೋಡುವಂತೆ.
"ಎಷ್ಟು ಹೊತ್ತು ಇಟ್ಟಿದ್ದೆ ಚೋಂದಿ?"
"ನೀನೇ ಬರೆದದ್ದಲ್ಲ, ಮೂವತ್ತೆಂಟು."
ಚೀಟಿ ಕಸಿದು, ಕನ್ನಡಕ ಏರಿಸಿ, ಬೆಳಕಿಗೆ ಹಿಡಿದಳು.
ಆಮೇಲೆ ಮಿಷನ್ ಮೇಲೆ ತಲೆಯಿಟ್ಟಳು.
ಬೆನ್ನು ಕುಲುಕುತ್ತಿತ್ತು.
ನಾನು ಹೆದರಿದೆ, ಅಳುತ್ತಿದ್ದಾಳೆಂದು.

"ಅದು ನಿನ್ನ ಎದೆಯ ಸುತ್ತಳತೆ ಮಾರಾಯ್ತಿ.
ಅದೂ ಆಗಿನದು!
ಈಗಿನ ಅಳತೆಗೆ ಬೇಯಿಸಿದ್ದರೆ
ಸರಿಯಾಗಿ ಬೆಂದಿರುತ್ತಿತ್ತು."

ಗುಂಡಿಗಳ ಡಬ್ಬದ ಮುಚ್ಚಳವೇ ತಟ್ಟೆ.
ಅಂಚು ಮುಗಿಸಿ, ಹಸಿ ನಡುವನ್ನೂ
ಬೆರಳಲ್ಲಿ ಬಳಿದು ತಿಂದೆವು.
"ಏನೋ ಹುಳಿ ಇದೆ ಇದರಲ್ಲಿ," ಅಂದಳು.
"ಕಾಚಂಪುಳಿ."
ಅಗಿಯುವುದು ಒಂದು ಗಳಿಗೆ ನಿಂತಿತು.
"ಹೊಸ ಬಾಟಲಿ," ಅಂದೆ.
ಅವಳು ಏನೂ ಹೇಳದೆ ಇನ್ನೊಂದು ಹೋಳಿಗೆ ಕೈ ಹಾಕಿದಳು.

ಬಾಗಿಲಲ್ಲಿ ಯಾರೋ, ಫಾಲ್ಸ್ ಹಾಕಿಸಲು ಸೀರೆ ಹಿಡಿದು.
ತುಂಬಿದ ಬಾಯಿ, ಎತ್ತಿದ ಒಂದು ಬೆರಳು,
ಸ್ವಲ್ಪ ನಿಲ್ಲು ಎಂದು.
ಆ ಬೆರಳಿನಿಂದ ಇನ್ನೂ ನೇತಾಡುತ್ತಿತ್ತು
ಬಾಳೆಹಣ್ಣು ಮೆತ್ತಿದ ನೂಲು.